ಅಟ್ಟದ ಕಾಯಿ, ಅತ್ತೆಯ ಕಿವಿ

ಈ ವರ್ಷ ನಮ್ಮ ಅಟ್ಟದ ಕಾಯಿ ಒಣಗಲೇ ಇಲ್ಲ.

ಪಕ್ಕದ ಮನೆಯ ಕಲ್ಲೇಶಣ್ಣನವರು ನಾವು ಅಟ್ಟ ತುಂಬಿದ ವಾರವೇ ತಮ್ಮ ಅಟ್ಟವನ್ನೂ ತುಂಬಿದ್ದರು. ಅದೇ ಬಿಸಿಲು, ಅದೇ ಗಾಳಿ. ಎರಡೂ ಮನೆಗಳ ನಡುವೆ ಇರುವುದು ಒಂದು ಗೋಡೆ. ಅವರ ಕಾಯಿ ಇಳಿಯಿತು, ಸುಲಿದದ್ದಾಯಿತು, ಒಡೆದದ್ದಾಯಿತು, ಕೊಬ್ಬರಿ ತಿಪಟೂರಿನ ಮಾರ್ಕೆಟ್ಟಿಗೂ ಹೋಯಿತು. ಈಗ ಅಟ್ಟ ಗುಡಿಸಿ ಹೊಸ ಕಾಯಿ ಏರಿಸುತ್ತಿದ್ದಾರೆ. ನಮ್ಮದು ಮಾತ್ರ ಹಾಗೇ ಕೂತಿತ್ತು.

"ಇನ್ನೂ ಹಸಿ ಐತೆ ಕಣೇ," ಎನ್ನುತ್ತಾ ನಮ್ಮ ಅತ್ತೆ ಅಟ್ಟದ ಏಣಿ ಇಳಿಯುತ್ತಿದ್ದರು.

ಅವರು ಹಾಗೆಂದ ಮೇಲೆ ಮುಗಿಯಿತು. ಅಟ್ಟದ ವಿಷಯದಲ್ಲಿ ಅತ್ತೆಯ ಕಿವಿಯೇ ನಮ್ಮ ಮನೆಯ ಸುಪ್ರೀಂ ಕೋರ್ಟು.

ತೆಂಗಿನ ಸೀಮೆಯ ಹೊರಗಿನ ಓದುಗರಿಗೆ ಇದು ವಿಚಿತ್ರ ಅನ್ನಿಸಬಹುದು. ಸ್ವಲ್ಪ ವಿವರಿಸಿಬಿಡುತ್ತೇನೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಒಣಗಿ, ಕುಗ್ಗಿ, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯುವುದು ಹೇಗೆ? ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಗುಳಕ್ ಅನ್ನುತ್ತದೆ. ಅರೆ ಒಣಗಿದ್ದರೆ ಗೋಣಿಚೀಲದೊಳಗೆ ಕಲ್ಲು ಹೊರಳಿದ ಹಾಗೆ ಮಂಕಾದ ಸದ್ದು. ಪೂರ್ತಿ ಒಣಗಿತೆಂದರೆ ಅದೇ ಸದ್ದಿಗೆ ಒಂದು ಚೂಪು ಬರುತ್ತದೆ. ಟಕ್, ಟಕ್.

ಆತುರಪಟ್ಟು ಒಡೆದರೆ ಕಥೆ ಮುಗಿದಂತೆ. ಒಡೆದ ಕಾಯಿಯನ್ನು ಮತ್ತೆ ಮುಚ್ಚಿ ಅಟ್ಟಕ್ಕೆ ಕಳಿಸಲಾಗುವುದಿಲ್ಲ. ಹಸಿ ಕೊಬ್ಬರಿ ಬೂಷ್ಟು ಹಿಡಿಯುತ್ತದೆ. ತಡ ಮಾಡಿದರೂ ಕಷ್ಟವೇ. ತೂಕ ಇಳಿಯುತ್ತದೆ, ಇಲಿ ಹೆಗ್ಗಣಗಳು ಸಂಸಾರ ಹೂಡುತ್ತವೆ.

ನಮ್ಮ ಮನೆಯಲ್ಲಿ ಗಂಡಸರು ಕಾಯಿ ಏರಿಸುತ್ತಾರೆ, ಗಂಡಸರೇ ಇಳಿಸುತ್ತಾರೆ. ಆದರೆ ಯಾವಾಗ ಇಳಿಸಬೇಕು ಎಂದು ಹೇಳುವುದು ಮನೆಯ ಹಿರಿಯ ಹೆಂಗಸು. ನಮ್ಮ ಅತ್ತೆ ಗೌರಮ್ಮನವರಿಗೆ ಈ ಕೆಲಸ ಬಂದದ್ದು ಅವರ ಅತ್ತೆಯಿಂದ. ಈಗ ಎಪ್ಪತ್ತು ದಾಟಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದರೆ, ಗೋಡೆಯ ಬದಿಯದೊಂದು, ನಡುವಿನದೊಂದು, ಅಡಿಯದೊಂದು ಎಂದು ಆರಿಸಿ ಆರಿಸಿ ಅಲ್ಲಾಡಿಸುತ್ತಾರೆ. ಇಳಿದು ಬಂದು ಒಂದು ಮಾತು ಹೇಳುತ್ತಾರೆ. ನಾನು ಈ ಮನೆಗೆ ಬಂದಮೇಲೆ ಆ ಮಾತು ತಪ್ಪಿದ್ದನ್ನು ನೋಡಿಲ್ಲ.

ಹಾಗಾಗಿ ಈ ಸಲ ನಾವೆಲ್ಲ ಕಾಯಿಯ ಮೇಲೇ ಅನುಮಾನಪಟ್ಟೆವು.

"ಈ ವರ್ಷ ಮೋಡ ಜಾಸ್ತಿ ಇತ್ತು ಕಣೇ," ಎಂದರು ನಮ್ಮ ಮನೆಯವರು.

"ಆ ಮೋಡ ಕಲ್ಲೇಶಣ್ಣೋರ ಮನೆ ಮೇಲೆ ಇರ್ಲಿಲ್ವಾ?"

"ಅವರದು ಶೀಟು. ನಮ್ಮದು ಹೆಂಚು."

"ಹೋದ ವರ್ಷಾನೂ ಹೆಂಚೇ ಇತ್ತಲ್ರೀ?"

ಇವರು ಗದ್ದಲವಿಲ್ಲದೆ ಎದ್ದು ತೋಟಕ್ಕೆ ಹೋದರು. (ಉತ್ತರ ಇಲ್ಲದಾಗಲೆಲ್ಲ ತೋಟದಲ್ಲಿ ಅವರಿಗೆ ಏನೋ ಒಂದು ಕೆಲಸ ಇದ್ದೇ ಇರುತ್ತದೆ.)

ಕಾಯಿ ಸುಲಿದು ಒಡೆಯುವ ರಂಗಸ್ವಾಮಿ ಒಂದು ಬೆಳಗ್ಗೆ ಸಲಕರಣೆ ಸಮೇತ ಬಂದು, ವಾಪಸ್ಸು ಹೋಗಬೇಕಾಯಿತು. ಹೋಗುವಾಗ ಅಂಗಳದಲ್ಲಿ ನಿಂತು, "ದೊಡ್ಡಮ್ಮ, ನಿಮ್ಮಟ್ಟದ ಕಾಯಿ ಒಣಗೋ ಹೊತ್ಗೆ ನಂಗೆ ಮೊಮ್ಮಕ್ಕಳಾಗ್ತವೆ ನೋಡಿ," ಎಂದ.

"ಆಗ್ಲಿ ಬುಡು. ಅವೇ ಬಂದು ಸುಲೀತವೆ," ಎಂದರು ಅತ್ತೆ, ಅರೆಕ್ಷಣವೂ ತಡಮಾಡದೆ.

ಇಷ್ಟು ಚುರುಕಾಗಿ ತಿರುಗೇಟು ಕೊಡುವವರಿಗೆ ಕಿವಿ ಮಂದ ಎಂದು ಯಾರಿಗಾದರೂ ಹೊಳೆಯುತ್ತದೆಯೇ?

ನನಗೂ ಹೊಳೆದಿರಲಿಲ್ಲ. ಒಂದು ದಿನ ಅತ್ತೆ ಅಟ್ಟ ಹತ್ತಿದಾಗ ನಾನು ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದೆ. ಮೇಲಿನಿಂದ ಸದ್ದು ಬಂತು. ಟಕ್, ಟಕ್, ಟಕ್. ಕೆಳಗೆ ನಿಂತ ನನ್ನ ಕಿವಿಗೇ ಅದು ಚೂಪಾಗಿ ಬಿತ್ತು.

"ಹಸಿ," ಎಂದರು ಅತ್ತೆ.

ಇನ್ನೊಂದು ಕಾಯಿ. ಟಕ್, ಟಕ್.

"ಇದೂ ಹಸೀನೇ."

ಏಣಿ ಹಿಡಿದುಕೊಂಡೇ ನಾನು ತಲೆ ಎತ್ತಿ ಅತ್ತೆಯ ಕಿವಿಯ ಕಡೆ ನೋಡಿದೆ.

ಸೋಮವಾರ ಅತ್ತೆ ಈಶ್ವರನ ಗುಡಿಗೆ ಹೋದದ್ದನ್ನು ನೋಡಿಕೊಂಡು ನಾನೇ ಅಟ್ಟ ಹತ್ತಿದೆ. ಕದಿಯಲು ಬಂದವಳ ಹಾಗೆ ಎರಡು ಸಲ ಹಿಂದೆ ತಿರುಗಿ ನೋಡಿದೆ. ಕೈಗೆ ಸಿಕ್ಕ ಕಾಯಿಗಳನ್ನು ಅಲ್ಲಾಡಿಸಿದೆ. ಮುಕ್ಕಾಲು ಪಾಲು ಕಾಯಿ ಗಟ್ಟಿಯಾಗಿ ಬಡಿದುಕೊಳ್ಳುತ್ತಿದ್ದವು. ಮೂಲೆಯಿಂದ ಎರಡು ಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಇಳಿದೆ. ಕೊಟ್ಟಿಗೆಯ ಹಿಂದೆ ಇವರನ್ನು ಕರೆದು ಒಡೆಯಲು ಹೇಳಿದೆ. ಒಂದರಿಂದ ಉಂಡೆ ಕೊಬ್ಬರಿ ಚೆಂಡಿನ ಹಾಗೆ ಉರುಳಿಬಿತ್ತು.

"ಒಂದು ಕಾಯಿ ನೋಡಿ ಹೇಳಕ್ಕಾಗಲ್ಲ," ಎಂದರು. ಇನ್ನೊಂದನ್ನೂ ಒಡೆದರು. ಅದೂ ಉರುಳಿತು. ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದರು.

"ಅಮ್ಮನಿಗೆ ಕಿವಿ..." ಎಂದು ಶುರು ಮಾಡಿ ನಿಲ್ಲಿಸಿದರು. "ನೀನೇ ಹೇಳು ಅವರಿಗೆ."

"ನಿಮ್ಮಮ್ಮ. ನೀವು ಹೇಳಿ."

"ನಾನ್ ಹೇಳಿದ್ರೆ ಹೆಂಡ್ತಿ ಮಾತು ಕಟ್ಕೊಂಡು ಬಂದ ಅಂತಾರೆ."

"ನಾನ್ ಹೇಳಿದ್ರೆ?"

"ಅಟ್ಟದ ಯಜಮಾನಿಕೆ ಕಿತ್ಕೊಳ್ಳಕ್ಕೆ ಬಂದ್ಲು ಅಂತಾರೆ."

ಎರಡೂ ಸುಳ್ಳಲ್ಲ. ಇಬ್ಬರೂ ಕೊಬ್ಬರಿ ಅಗಿಯುತ್ತಾ ನಿಂತೆವು.

ಯೋಚಿಸಿ ನೋಡಿ. ಮನೆಯ ಹಿರಿಯರಿಗೆ "ನಿಮ್ಮ ಕಣ್ಣು ಮಂಜಾಗಿದೆ, ತೋರಿಸೋಣ ನಡೀರಿ" ಎನ್ನುವುದು ಎಷ್ಟು ಸಲೀಸು! ಕನ್ನಡಕ ಹಾಕಿಕೊಂಡರೆ ನಾಲ್ಕು ಅಕ್ಷರ ಓದಿದವರ ಹಾಗೆ ಕಾಣುತ್ತಾರೆ, ಖುಷಿಯೂ ಆಗುತ್ತದೆ. "ನಿಮ್ಮ ಕಿವಿ ಮಂದವಾಗಿದೆ" ಎಂದು ಹೇಳಿ ನೋಡಿ. ಮೊದಲನೆಯದು ಬರೀ ಸುದ್ದಿ. ಎರಡನೆಯದು ಬೈಗುಳ. ಯಾಕೆ ಹೀಗೆ? ನನಗಂತೂ ಗೊತ್ತಿಲ್ಲ. ಆದರೆ ಕೇಳಿಸದವರನ್ನು ಗೇಲಿ ಮಾಡಿ ನಕ್ಕವರು ನಾವೇ ಅಲ್ಲವೇ? ಕಣ್ಣು ಕಾಣದೆ ಎಡವಿದವರನ್ನು ಕೈ ಹಿಡಿದು ಎಬ್ಬಿಸುತ್ತೇವೆ. ಕಿವಿ ಕೇಳದೆ ಇನ್ನೇನೋ ಉತ್ತರ ಕೊಟ್ಟವರನ್ನು?

ಅಂದಿನಿಂದ ನಾನು ಅತ್ತೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಹಿಂದಿನ ಎಷ್ಟೋ ಸಂಗತಿಗಳು ಒಂದೊಂದಾಗಿ ಸಾಲಿಗೆ ಬಂದು ನಿಂತವು.

ಸೀರಿಯಲ್ ನೋಡುತ್ತಾ, "ಈಗಿನ ಹುಡುಗೀರು ಮಾತು ನುಂಗ್ತಾರೆ ಕಣೇ. ಅರ್ಧ ಬಾಯಲ್ಲಿ, ಅರ್ಧ ಹೊಟ್ಟೇಲಿ," ಎನ್ನುತ್ತಿದ್ದರು. ಹೌದಲ್ಲ, ಈಗಿನವರು ಹಾಗೇ ಮಾತಾಡುತ್ತಾರೆ ಎಂದು ನಾನೂ ತಲೆಯಾಡಿಸಿದ್ದೆ. ಸಂಜೆ ಹೊತ್ತು ಬೇಲಿಯ ಜೀರುಂಡೆಗಳು ಎಲ್ಲಿ ಹೋದವೋ, ಔಷಧಿ ಹೊಡೆದು ಹೊಡೆದು ಎಲ್ಲಾ ಸತ್ತವು ಎಂದು ಒಮ್ಮೆ ಮರುಗಿದ್ದರು. (ಜೀರುಂಡೆಗಳು ಆಗಲೂ ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದವು. ನನಗೆ ಕೇಳಿಸುತ್ತಿತ್ತು. ಅತ್ತೆ ಹೇಳಿದರೆಂದು ಸುಮ್ಮನೆ ಹೂಂಗುಟ್ಟಿದ್ದೆ.)

ತುರುವೇಕೆರೆಯಲ್ಲಿ ನಮ್ಮ ನೆಂಟರ ಮಗುವಿನ ನಾಮಕರಣ ನಡೆದದ್ದೂ ನೆನಪಾಯಿತು. ಛತ್ರದ ತುಂಬ ಜನ, ಮೈಕು, ತಟ್ಟೆ ಲೋಟಗಳ ಸದ್ದು. ಎಲ್ಲಿ ಹೋದರೂ ನಾಲ್ಕು ಜನರ ನಡುವೆ ಕೂತು ಸಂಬಂಧ ಬಿಡಿಸಿ ಬಿಡಿಸಿ ಮಾತಾಡುವ ಅತ್ತೆ, ಅಂದು ಕಂಬಕ್ಕೆ ಒರಗಿ ಒಬ್ಬರೇ ಕೂತಿದ್ದರು. ಎಲ್ಲರೂ ನಕ್ಕಾಗ ಒಂದು ಗಳಿಗೆ ತಡವಾಗಿ ತಾವೂ ನಗುತ್ತಿದ್ದರು. ಮನೆಗೆ ಬಂದವರೇ ಮಲಗಿಬಿಟ್ಟರು. "ತಲೆ ಸಿಡೀತೈತೆ," ಎಂದರು. ವಯಸ್ಸಾಯಿತು, ಪ್ರಯಾಣ ಒಗ್ಗುವುದಿಲ್ಲ ಎಂದುಕೊಂಡೆವು. ತುರುವೇಕೆರೆ ನಮಗೆ ಎಷ್ಟು ದೂರ ಮಹಾ?

ಗೊತ್ತಾಯಿತು ಸರಿ. ಆದರೆ ಬಾಯಿ ಬಿಟ್ಟು ಹೇಳುವುದು ಹೇಗೆ? ದಿನಗಳು ಹೋದವು. ಕಡೆಗೆ ಮಾತು ತೆಗೆದವರು ಅತ್ತೆಯೇ.

ಪಡಸಾಲೆಯಲ್ಲಿ ಕೂತು ಇಬ್ಬರೂ ಅವರೆಕಾಯಿ ಬಿಡಿಸುತ್ತಿದ್ದೆವು. ಅವರು ತಲೆ ಎತ್ತದೆ ಕೇಳಿದರು:

"ಸರೋಜ, ಅಟ್ಟ ಹತ್ತಿದ್ದೆ ಅಲ್ವಾ?"

ನನ್ನ ಬೆರಳು ಅಲ್ಲೇ ನಿಂತಿತು.

"ಮೂಲೆದು ಎರಡು ಕಾಯಿ ಇಲ್ಲ. ಇಲಿ ಸಿಪ್ಪೆ ಸಮೇತ ಹೊತ್ಕೊಂಡ್ ಹೋಗಲ್ಲ ಕಣೇ." ಈಗ ತಲೆ ಎತ್ತಿ ನನ್ನ ಮುಖ ನೋಡಿದರು. "ಒಣಗಿತ್ತಾ?"

"ಹೂಂ ಅತ್ತೆಮ್ಮ. ಉಂಡೆ ಆಗಿತ್ತು."

ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಇನ್ನೊಂದು ಅವರೆಕಾಯಿ ತೆಗೆದುಕೊಂಡು ಬಿಡಿಸಿದರು.

"ನಂಗೂ ಗೊತ್ತಿತ್ತು," ಎಂದರು. "ಕಾಯಿ ಅಲ್ಲಾಡ್ಸುವಾಗ ಒಳಗೆ ಬಡಿಯೋದು ಅಂಗೈಗೆ ತಿಳೀತದೆ. ಗಟ್ಟಿಯಾಗಿ ಬಡೀತದೆ. ಕೈ ಒಣಗೈತೆ ಅಂತದೆ, ಕಿವಿ ಹಸಿ ಅಂತದೆ. ಯಾವುದ್ನ ನಂಬ್ಲಿ ಹೇಳು? ಇಷ್ಟು ವರ್ಷ ಕಿವೀನೇ ಅಲ್ವಾ ನಂಬಿದ್ದು?"

"ಅಂಗಂತ ಹೇಳ್ಬಹುದಿತ್ತಲ್ಲ ಅತ್ತೆಮ್ಮ."

"ಹಸಿ ಅಂತ ಹೇಳಿ ತಪ್ಪಾದ್ರೆ ಇನ್ನಾ ಸ್ವಲ್ಪ ದಿನ ಕಾಯ್ಬಹುದು. ಒಣಗೈತೆ ಅಂತ ಹೇಳಿ ತಪ್ಪಾದ್ರೆ? ಅಟ್ಟಕ್ಕೆ ಅಟ್ಟನೇ ಹೋಯ್ತದೆ. ಅದಕ್ಕೇ ಹಸಿ ಹಸಿ ಅಂತಿದ್ದೆ."

ಎಂಥ ಲೆಕ್ಕಾಚಾರ! ಮೊಂಡುತನ ಎಂದುಕೊಂಡಿದ್ದೆವಲ್ಲ ನಾವು?

ಮೊರ ಜಾಡಿಸುತ್ತಾ ಹೇಳಿದರು: "ಒಲೆ ಮುಂದೆ ನೀನಿದ್ದೀಯ. ತೋಟಕ್ಕೆ ನನ್ ಮಗ ಚಂದ್ರ ಅವ್ನೆ. ನಂಗೇಂತ ಉಳಿದಿರೋದು ಆ ಅಟ್ಟ ಒಂದೇ ಕಣೇ. ಅದೂ ಗೊತ್ತಾಗಲ್ಲ ಅಂದ್ಮೇಲೆ ಈ ಮನೇಲಿ ನನ್ನ ಯಾರ್ ಏನ್ ಕೇಳ್ತಾರೆ ಬುಡು."

"ಕಿವಿ ಒಂದ್ಸಲ ತೋರ್ಸೋಣ ಅತ್ತೆಮ್ಮ," ಎಂದೆ; ಅವರು ಬೇಡ ಎನ್ನಲಿಲ್ಲ. ಅವರೆಕಾಳು ರಾಶಿಯಾಯಿತು.

ತಿಪಟೂರಿಗೆ ಕರೆದುಕೊಂಡು ಹೋದೆವು. ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕು. ಅತ್ತೆಯನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಅತ್ತೆ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಒಂದಷ್ಟು ಹೊತ್ತು ಒತ್ತುತ್ತಲೇ ಇದ್ದರು. ಆಮೇಲೆ ಒತ್ತುವುದು ನಿಂತಿತು. ಗಾಜಿನ ಆಚೆ ಕಾಯುತ್ತಾ ಕೂತಿದ್ದರು. ಈಚೆ ಕಂಪ್ಯೂಟರಿನಿಂದ ಸದ್ದು ಹೋಗುತ್ತಲೇ ಇತ್ತು. ಅವರ ಬೆರಳು ಬಟನ್ನಿನ ಮೇಲೆ ಸಿದ್ಧವಾಗಿಯೇ ಇತ್ತು. ನೋಡಲಾಗಲಿಲ್ಲ ನನಗೆ. ಕಿಟಕಿಯ ಕಡೆ ತಿರುಗಿದೆ.

ಪರೀಕ್ಷೆ ಮಾಡಿದ ಹುಡುಗಿ ಚಿಕ್ಕನಾಯಕನಹಳ್ಳಿ ಕಡೆಯವಳು. ಗ್ರಾಫ್ ತೋರಿಸಿದಳು. ಎಡಗಡೆ ಸಮನಾಗಿ ಹೊರಟ ಗೆರೆ ಬಲಕ್ಕೆ ಹೋಗುತ್ತಾ ಹೋಗುತ್ತಾ ಬಾವಿಗೆ ಇಳಿದ ಹಾಗೆ ಕೆಳಗಿಳಿದಿತ್ತು.

"ಅಜ್ಜಿ, ನಿಮಗೆ ಕಿವಿ ಕೇಳ್ಸಲ್ಲ ಅಂತ ಅಲ್ಲ. ದಪ್ಪ ಸದ್ದು ಚೆನ್ನಾಗೇ ಕೇಳ್ಸುತ್ತೆ. ಸಣ್ಣ ಸದ್ದು, ಚೂಪು ಸದ್ದು ಹೋಗಿದೆ ಅಷ್ಟೆ."

ಅತ್ತೆ ಅವಳ ಬಾಯನ್ನೇ ನೋಡುತ್ತಿದ್ದರು. "ಅಂಗಾದ್ರೆ ಕಣವ್ವ, ಅಟ್ಟದ ಕಾಯಿ ಒಣಗಿದ್ರೂ ನಂಗೆ ಹಸಿ ಅಂತ ಕೇಳ್ತದಾ?"

ಬೇರೆ ಊರಿನವರಾಗಿದ್ದರೆ ಈ ಪ್ರಶ್ನೆ ಅರ್ಥವಾಗುತ್ತಿರಲಿಲ್ಲ. ಅವಳು ಪೆನ್ನು ಕೆಳಗಿಟ್ಟು ನಕ್ಕಳು. "ಹೂಂ ಅಜ್ಜಿ, ಹಂಗೇ. ನಮ್ಮನೇಲೂ ಅಟ್ಟ ಇದೆ. ಒಣಗಿದ ಕಾಯಿ ಸದ್ದಲ್ಲಿ ಚೂಪು ತೆಗೆದ್ರೆ ಉಳಿಯೋದು ಅರೆ ಒಣಗಿದ ಕಾಯಿ ಸದ್ದೇ ಅಲ್ವಾ?"

ಅತ್ತೆ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಎಷ್ಟು ಸಮಾಧಾನವಿತ್ತು ಎಂದರೆ! ತಪ್ಪು ತಮ್ಮದಲ್ಲ, ಸದ್ದೇ ಅರ್ಧ ದಾರಿಯಲ್ಲಿ ಏನನ್ನೋ ಕಳೆದುಕೊಂಡು ಬರುತ್ತಿತ್ತು ಎಂದು ತಿಳಿದ ಸಮಾಧಾನ.

ಆ ಹುಡುಗಿ ತಾಳ್ಮೆಯಿಂದ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. (ತಪ್ಪಿದ್ದರೆ ನನ್ನದು, ಅವಳದಲ್ಲ.) ಕಿವಿಯ ಒಳಗೆ ಬಸವನ ಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಒಂದು ಭಾಗ ಇದೆಯಂತೆ. ಅದರ ಒಳಗೆ ಕೂದಲಿಗಿಂತ ಸಣ್ಣ ಎಳೆಗಳು. ಸುರುಳಿಯ ಬಾಗಿಲ ಬಳಿ ಇರುವವು ಚೂಪು ಸದ್ದನ್ನು ಹಿಡಿಯುತ್ತವೆ, ಒಳಗೆ ಹೋದಂತೆ ದಪ್ಪ ಸದ್ದನ್ನು. ವಯಸ್ಸಾದಂತೆ ಬಾಗಿಲ ಬಳಿಯವೇ ಮೊದಲು ಸವೆಯುತ್ತವೆ. ಮತ್ತೆ ಚಿಗುರುವುದಿಲ್ಲ.

ನಮ್ಮ ಮಾತಿನಲ್ಲೂ ದಪ್ಪ ಸದ್ದು, ಸಣ್ಣ ಸದ್ದು ಎರಡೂ ಇರುತ್ತವೆ. ಆ, ಓ ಎನ್ನುವುದು ದಪ್ಪ. ಸ, ಶ, ತ, ಚ ಇವೆಲ್ಲ ಸಣ್ಣ. ಹಾಗಾಗಿ ಯಾರೋ ಮಾತಾಡಿದರು ಎನ್ನುವುದು ಕೇಳಿಸುತ್ತದೆ. ಏನು ಮಾತಾಡಿದರು ಎನ್ನುವುದು ಅಳಿಸಿಹೋಗಿರುತ್ತದೆ.

ಹಾಗಾದರೆ ಮನೆಯಲ್ಲಿ ನಮ್ಮ ಮಾತಿಗೆಲ್ಲ ಸರಿಯಾಗಿಯೇ ಉತ್ತರ ಕೊಡುತ್ತಿದ್ದರಲ್ಲ? ರಂಗಸ್ವಾಮಿಗೆ ತಿರುಗೇಟು ಕೊಟ್ಟರಲ್ಲ?

ಅಲ್ಲೇ ಇರುವುದು ಸ್ವಾರಸ್ಯ. ಕೇಳುವುದು ಕಿವಿಯ ಕೆಲಸ ಎಂದು ನಾವು ತಿಳಿದಿದ್ದೇವೆ. ಕಿವಿ ಬರೀ ಸದ್ದನ್ನು ಒಳಗೆ ಬಿಡುವ ಬಾಗಿಲು. ಆ ಸದ್ದು ಯಾರದು, ಯಾವ ಕಡೆಯಿಂದ ಬಂತು, ಅದರ ಅರ್ಥ ಏನು ಎಂದು ಬಿಡಿಸುವುದು ಮಿದುಳು. ಅಕ್ಷರ ಅಳಿಸಿದ ಕಡೆ ಅದೇ ಊಹಿಸಿ ತುಂಬುತ್ತದೆ. ನೀರು ಬಿದ್ದ ಪೇಪರಿನಲ್ಲಿ ಅಲ್ಲಲ್ಲಿ ಮಸಿ ಕದಡಿದ್ದರೂ ಓದಿಕೊಂಡು ಹೋಗುತ್ತೇವಲ್ಲ, ಹಾಗೆ. ದಿನಾ ಕೇಳಿದ ದನಿ, ಎದುರಿಗೆ ಮುಖ, ಗೊತ್ತಿರುವ ವಿಷಯ ಇದ್ದರೆ ಊಹೆ ಸರಿಯಾಗುತ್ತದೆ. ರಂಗಸ್ವಾಮಿಯದು ದಪ್ಪ ದನಿ, ಎದುರಿಗೇ ನಿಂತಿದ್ದ, ವಿಷಯ ಕಾಯಿಯದು. ಅದೇ ಛತ್ರದ ಗದ್ದಲದಲ್ಲಿ? ನೂರು ಸದ್ದುಗಳ ರಾಶಿಯಿಂದ ಒಬ್ಬರ ಮಾತನ್ನು ಹೆಕ್ಕಿ ತೆಗೆದು, ಅದರಲ್ಲೂ ಅಳಿಸಿದ್ದನ್ನು ತುಂಬಿಕೊಂಡು, ಅರ್ಥ ಮಾಡಿಕೊಂಡು, ನಗಬೇಕು. ಅಷ್ಟರಲ್ಲಿ ಬೇರೆಯವರು ಇನ್ನೊಂದು ಮಾತಿಗೆ ಹೋಗಿರುತ್ತಾರೆ. ತಲೆ ಸಿಡಿಯದೆ ಇನ್ನೇನಾಗುತ್ತದೆ? ಕಂಬಕ್ಕೆ ಒರಗಿ ಕೂತ ಅತ್ತೆ ಅಂದು ನಮ್ಮೆಲ್ಲರಿಗಿಂತ ಹೆಚ್ಚು ದುಡಿದಿದ್ದರು.

ಹೀಗೆ ಕಿವಿಗೆ ಮಿಷನ್ ಬಂತು. ಕಥೆ ಸುಖಾಂತ್ಯ ಎಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡೆವು.

ಮಾರನೆಯ ದಿನವೇ ಗಲಾಟೆ. "ಯಾರೇ ಅದು ಕಾಗದ ಹರೀತಿರೋದು?" ಫ್ಯಾನಿನ ಗಾಳಿಗೆ ಕ್ಯಾಲೆಂಡರ್ ಪಟಪಟ ಎನ್ನುತ್ತಿತ್ತು. "ಒಲೆ ಮೇಲೆ ಏನ್ ಸೀಯ್ತೈತೆ?" ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ನಲ್ಲಿಯ ನೀರು, ಚಪ್ಪಲಿಯ ಸರಸರ, ತಟ್ಟೆಗೆ ತಟ್ಟೆ ತಾಕಿದ್ದು, ಕಡೆಗೆ ತಮ್ಮದೇ ಸೀರೆಯ ಸದ್ದು. ಎಲ್ಲವೂ ಒಟ್ಟಿಗೆ ಮೇಲೆ ಬಿದ್ದವು.

"ನೀವೆಲ್ಲಾ ಇಷ್ಟೊಂದು ಸದ್ದು ಮಾಡ್ಕೊಂಡು ಬದುಕ್ತಿದ್ರಾ?" ಎಂದವರೇ ಮಿಷನ್ ಕಿತ್ತು ಡಬ್ಬಿಗೆ ಹಾಕಿದರು.

ಕ್ಲಿನಿಕ್ಕಿನ ಹುಡುಗಿಗೆ ಫೋನ್ ಮಾಡಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ನಿಮ್ಮ ನಲ್ಲಿ, ನಿಮ್ಮ ಫ್ಯಾನು ನಿಮಗೆ ಕೇಳಿಸುತ್ತದೆಯೇ ಎಂದು ನನ್ನನ್ನೇ ಕೇಳಿದಳು. ಇಲ್ಲವಲ್ಲ! ಕಿವಿಗೆ ಬೀಳುತ್ತದೆ, ಮಿದುಳು ಅದನ್ನು ಬೇಡವೆಂದು ಆಚೆಗೆ ತಳ್ಳುತ್ತದೆ. ಅಜ್ಜಿಯ ಮಿದುಳಿಗೆ ಎಷ್ಟೋ ವರ್ಷಗಳಿಂದ ಆ ಸದ್ದುಗಳೇ ಬಂದಿಲ್ಲ. ಈಗ ಒಮ್ಮೆಲೇ ಬಂದಾಗ ಯಾವುದು ಬೇಕು, ಯಾವುದು ಬೇಡ ಎಂದು ಗೊತ್ತಾಗುತ್ತಿಲ್ಲ. ವಾರಗಟ್ಟಲೆ ಬೇಕು. ದಿನಾ ಸ್ವಲ್ಪ ಹೊತ್ತು, ಮೊದಲು ಗದ್ದಲವಿಲ್ಲದ ಕಡೆ, ಒಬ್ಬರದೇ ಮಾತು ಕೇಳಿಸಿ ಎಂದಳು.

ಮಧ್ಯಾಹ್ನದ ಊಟ ಆದಮೇಲೆ ಪಡಸಾಲೆಯಲ್ಲಿ ಪೇಪರ್ ಓದುವುದು ನನ್ನ ಪಾಲಿಗೆ ಬಂತು. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಣ್ಣು ಮುಚ್ಚಿದರೆ ಬಾಯಿ ನೋಡಿ ಊಹಿಸುವ ಹಾಗಿಲ್ಲ ಎಂದು ತಾವೇ ಕಂಡುಕೊಂಡ ಉಪಾಯ. (ಒಂದು ದಿನ ನಾನು ಪೇಪರಿಗೆ ಬರೆಯುವ ಅಂಕಣವನ್ನೂ ಓದಿದೆ. "ಇಷ್ಟುದ್ದ ಯಾಕ್ ಬರೀತೀಯೇ? ಮೊದಲ್ನೇ ಸಾಲಲ್ಲೇ ಗೊತ್ತಾಯ್ತಲ್ಲ," ಎಂದರು. ಕೇಳಿಸುತ್ತಿದೆ ಎಂದು ಖುಷಿಪಡಬೇಕೋ, ಬೇಜಾರು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.)

ನಿಧಾನವಾಗಿ ಫ್ಯಾನು, ನಲ್ಲಿ ಹಿಂದೆ ಸರಿದವು. ಮಾತು ಮುಂದೆ ಬಂತು. ಒಂದು ಬೆಳಗ್ಗೆ ಅತ್ತೆ ತಾವಾಗಿಯೇ ಸೆರಗು ಸಿಕ್ಕಿಸಿ ಏಣಿ ಹತ್ತಿದರು. ನಾನು, ಇವರು ಕೆಳಗೆ ಏಣಿ ಹಿಡಿದು ನಿಂತೆವು. ಟಕ್, ಟಕ್. ನಿಶ್ಶಬ್ದ. ಇನ್ನೊಂದು. ಮತ್ತೊಂದು.

ಇಳಿದು ಬಂದರು. ಮುಖ ಸಣ್ಣಗಾಗಿತ್ತು.

"ಇದು ಕಾಯಿ ಸದ್ದಲ್ಲ ಕಣೇ. ತಗಡು ಬಡಿದಂಗೆ ಕೇಳ್ತದೆ. ಎಲ್ಲಾ ಒಂದೇ ತರ. ಒಣಗಿದ್ದು ಯಾವ್ದೋ ಹಸಿ ಯಾವ್ದೋ."

ಹೌದು. ಸದ್ದು ಬಂತು, ಆದರೆ ಅದು ಹಳೆಯ ಸದ್ದಲ್ಲ. ಮಿಷನ್ನಿನ ಮೂಲಕ ಬಂದದ್ದು. ಐವತ್ತು ವರ್ಷ ತಲೆಯೊಳಗೆ ಕೂತಿದ್ದ ಒಣಗಿದ ಕಾಯಿಯ ಸದ್ದಿಗೂ ಈ ಸದ್ದಿಗೂ ತಾಳೆಯೇ ಆಗುತ್ತಿಲ್ಲ.

"ಹೋಗ್ಲಿ ಬುಡಮ್ಮ," ಎಂದರು ಇವರು, ಒಳ್ಳೆಯ ಮನಸ್ಸಿನಿಂದಲೇ. "ಎಲ್ಲಾ ಇಳ್ಸಿ ಒಡೆದು ಬುಡ್ತೀವಿ. ಮುಕ್ಕಾಲು ಒಣಗೇ ಇರ್ತವೆ. ನಿಂಗ್ಯಾಕೆ ಈ ವಯಸ್ಸಲ್ಲಿ ತಲೆನೋವು?"

ಅತ್ತೆ ಮಗನನ್ನು ನೋಡಿದರು. ಆ ನೋಟ ನನಗೆ ಅರ್ಥವಾಯಿತು. ಅವರೆಕಾಯಿ ಬಿಡಿಸುತ್ತಾ ಹೇಳಿದ್ದರಲ್ಲ, ಅದೇ ಭಯ ಈಗ ಎದುರಿಗೆ ಬಂದು ನಿಂತಿತ್ತು. ಅದೂ ಮಗನ ಬಾಯಿಂದ, ಪ್ರೀತಿಯ ಮಾತಿನ ರೂಪದಲ್ಲಿ.

"ರಂಗಸ್ವಾಮಿನ ಕರ್ಸು," ಎಂದರು.

"ಎಲ್ಲಾ ಇಳ್ಸಕ್ಕಾ?"

"ಅಲ್ಲ ಕಣ್ಲಾ. ಒಂದು ಮಂಕ್ರಿ ಇಳ್ಸು ಸಾಕು."

ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತರು. ಪಕ್ಕದಲ್ಲಿ ಒಂದು ಮಂಕರಿ ಬುಟ್ಟಿ ತುಂಬ ಕಾಯಿ. ಎದುರಿಗೆ ರಂಗಸ್ವಾಮಿ. ಅತ್ತೆ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ಹಸಿ," ಎನ್ನುವರು. ಅವನು ಸುಲಿದು ಒಡೆಯುವನು. ಉಂಡೆ ಉರುಳುವುದು. ತಪ್ಪು. ಅತ್ತೆ ಆ ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಿ, ಪಕ್ಕಕ್ಕಿಟ್ಟು, ಮುಂದಿನ ಕಾಯಿ ತೆಗೆದುಕೊಳ್ಳುವರು. "ಒಣಗೈತೆ." ಒಡೆದರೆ ಹಸಿ. ಅದೂ ತಪ್ಪು.

"ದೊಡ್ಡಮ್ಮ, ಇಂಗೇ ಆದ್ರೆ ಇವತ್ತು ನಿಮ್ಮನೇಲಿ ಚಟ್ನಿಗೇ ಕಾಯಿ ಸಾಲಲ್ಲ," ಎಂದ ರಂಗಸ್ವಾಮಿ.

"ನಿಂಗ್ ಕೂಲಿ ಕೊಡ್ತಾರೆ ತಾನೇ? ಮಾತಿಗಲ್ಲ, ಒಡೆಯಕ್ಕೆ. ಒಡಿ."

ಎಪ್ಪತ್ತು ದಾಟಿದ ಹೆಂಗಸು, ಮಗ ಸೊಸೆ ಆಳಿನ ಎದುರಿಗೆ ಕೂತು, ಒಂದರ ಮೇಲೊಂದು ತಪ್ಪು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕು? ನನಗಿದೆಯೇ ಅಷ್ಟು? ಕಂಪ್ಯೂಟರಿನಲ್ಲಿ ಹೊಸದೇನಾದರೂ ಬಂದರೆ ಕೋಣೆಯ ಬಾಗಿಲು ಹಾಕಿಕೊಂಡು ಕಲಿಯುವವಳು ನಾನು.

ಬಿಸಿಲು ಜಗಲಿ ಬಿಟ್ಟು ಅಂಗಳಕ್ಕಿಳಿಯಿತು. ಅತ್ತೆ ಊಟಕ್ಕೂ ಏಳಲಿಲ್ಲ. ಒಡೆಯುವ ಮೊದಲು ಬಹಳ ಹೊತ್ತು ಅಲ್ಲಾಡಿಸುವರು, ಒಡೆದ ಮೇಲೆ ಬಹಳ ಹೊತ್ತು ನೋಡುವರು. ತಗಡಿನ ಸದ್ದಿನಲ್ಲೇ ಯಾವ ತಗಡಿನ ಒಳಗೆ ಉಂಡೆ ಇದೆ, ಯಾವುದರ ಒಳಗೆ ಹಸಿ ಇದೆ ಎಂದು ಒಂದೊಂದನ್ನೇ ತಲೆಗೆ ಹಾಕಿಕೊಳ್ಳುತ್ತಿದ್ದರು. ಮಂಕರಿ ಅರ್ಧವಾಗುವ ಹೊತ್ತಿಗೆ ಹೇಳಿದ್ದಕ್ಕೂ ಒಡೆದಾಗ ಸಿಕ್ಕಿದ್ದಕ್ಕೂ ತಾಳೆಯಾಗತೊಡಗಿತು. ರಂಗಸ್ವಾಮಿ ತಮಾಷೆ ನಿಲ್ಲಿಸಿದ್ದ.

ಆಗ ಒಂದು ಕಾಯಿ ಬಂತು. ಅತ್ತೆ ಅದನ್ನು ಅಲ್ಲಾಡಿಸಿ, ತಿರುಗಿಸಿ, ಮತ್ತೆ ಅಲ್ಲಾಡಿಸಿ, "ಹಸಿ," ಎಂದರು.

ಇವರು ಅದನ್ನು ತೆಗೆದುಕೊಂಡು ಅಲ್ಲಾಡಿಸಿದರು. "ಇಲ್ಲಮ್ಮ, ಒಣಗೈತೆ." ರಂಗಸ್ವಾಮಿ ಅಲ್ಲಾಡಿಸಿದ. "ಒಣಗೈತೆ ದೊಡ್ಡಮ್ಮ." ನಾನೂ ಅಲ್ಲಾಡಿಸಿದೆ. ನನಗೂ ಹಾಗೇ ಕಂಡಿತು.

"ಉಂಡೆ ಬುಟ್ಕೊಂಡೈತೆ, ಆದ್ರೆ ಪೂರ್ತಿ ಇಲ್ಲ. ತೊಟ್ಟಿನ ಕಡೆ ಎಲ್ಲೋ ಹಿಡ್ಕೊಂಡೈತೆ," ಎಂದರು ಅತ್ತೆ. "ಒಡಿ."

ಒಡೆದ. ತೊಟ್ಟಿನ ಕಡೆ ರೂಪಾಯಿಯಗಲದ ಜಾಗದಲ್ಲಿ ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡಿತ್ತು. ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಅದು ಬೆವರೋ ಬೇರೆಯೋ, ನಾನು ನೋಡಲು ಹೋಗಲಿಲ್ಲ.

"ಚಂದ್ರ, ನಾಳೆ ಇಳ್ಸಕ್ಕೆ ಶುರು ಮಾಡು," ಎಂದರು. "ಬಿಸಿಲು ತಾಕದ ಬಡಗಣ ಮೂಲೆದು ಬುಟ್ಟು. ಅದು ನಾನ್ ಹೇಳೋಗಂಟ ಮುಟ್ಟಬ್ಯಾಡ."

"ಸರಿಯಮ್ಮ," ಎಂದರು ಇವರು. ತೋಟದಲ್ಲಿ ಕೆಲಸವಿದ್ದರೂ ಅಲ್ಲೇ ನಿಂತಿದ್ದರು.

ಆಮೇಲೆ ಅತ್ತೆ ಮಂಕರಿಯೊಳಗೆ ಕೈ ಹಾಕಿ, ಆರಿಸಿ ಒಂದು ಕಾಯಿ ತೆಗೆದು ನನ್ನ ಕಡೆ ಚಾಚಿದರು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಅವರಾಗಿಯೇ ನನ್ನ ಕೈಗೆ ಅಟ್ಟದ ಕಾಯಿ ಕೊಟ್ಟದ್ದು ಅದೇ ಮೊದಲು.

"ಕೂತ್ಕೋ. ನಾನಿನ್ನೆಷ್ಟು ದಿನ ಏಣಿ ಹತ್ತಕ್ಕಾಯ್ತದೆ? ಅಲ್ಲಾಡ್ಸು. ಆತುರ ಬೇಡ. ಏನಂತದೆ ಹೇಳು."

ಮಣೆ ಎಳೆದುಕೊಂಡು ಕೂತೆ. ಕಾಯಿಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಅಲ್ಲಾಡಿಸಿದೆ.

ಸದ್ದೇನೋ ಚೆನ್ನಾಗಿಯೇ ಕೇಳಿಸಿತು. ಅದು ಏನು ಹೇಳಿತೋ, ದೇವರಾಣೆ ಗೊತ್ತಾಗಲಿಲ್ಲ.